ಶಾಲೆಯಲ್ಲಿ ಹುಟ್ಟು ಹಾಕುವ ಆಟ: ಕಲಬುರಗಿಯಲ್ಲಿ ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಲಬುರಗಿಯಲ್ಲಿ ಪಿ.ಟಿ. ಮೇಷ್ಟ್ರು. ಹುಟ್ಟಿದೂರು ಅಫಜಲಪುರ ತಾಲ್ಲೂಕಿನ ಭೀಮಾ ದಂಡೆ. ನಮ್ಮ ಶಾಲೆಯ ಹಿಂದಿನ ಕೋಣೆಯಲ್ಲಿ ಒಂದು ರೋಯಿಂಗ್ ಯಂತ್ರ ಇದೆ, ಅಂದರೆ ನೀರಿಗೆ ಇಳಿಯದೆ ದೋಣಿಯ ಹುಟ್ಟು ಹಾಕುವುದನ್ನು ಅಭ್ಯಾಸ ಮಾಡುವ ಯಂತ್ರ. ಅದನ್ನು ನೋಡಿದವರು ಪ್ರಶ್ನೆ ಕೇಳದೆ ಹೋಗುವುದಿಲ್ಲ. ಪಾಲಕರ ಸಭೆಯಲ್ಲಿ ಕೇಳುತ್ತಾರೆ, ಮದುವೆ ಊಟದ ಪಂಕ್ತಿಯಲ್ಲಿ ಕೇಳುತ್ತಾರೆ, ಕೆಲವರು ಪತ್ರ ಬರೆದೂ ಕೇಳಿದ್ದಾರೆ. ಹೆಚ್ಚುಕಮ್ಮಿ ಎಲ್ಲರದ್ದೂ ಅವೇ ಪ್ರಶ್ನೆ. ಒಂದು ಕಡೆ ಬರೆದಿಟ್ಟರೆ ನನ್ನ ಗಂಟಲಿಗೂ ಸ್ವಲ್ಪ ಆರಾಮ. ಸುಲಭದ್ದು ಮೊದಲು ಇಟ್ಟಿದ್ದೇನೆ, ತಲೆ ತಿನ್ನುವಂಥದ್ದು ಆಮೇಲೆ. ಪ್ರಶ್ನೆಗಳು ಕೇಳಿದವರ ಬಾಯಿಂದ ಬಂದ ಹಾಗೇ ಇವೆ.

ಮೊದಲ ಸಲ ನೋಡಿದವರು ಕೇಳುವವು

ರೋಯಿಂಗ್ ಅಂದ್ರ ಕೇರಳದಾಗ ನಡಿತದಲ್ಲ, ಆ ಹಾವಿನ ದೋಣಿ ಓಟ ಏನ್ರಿ ಸರ?

ಅಲ್ಲ. ಆಲಪ್ಪುಳದ ಪುನ್ನಮಡ ಕೆರೆಯಲ್ಲಿ 1952ರಿಂದ ನಡೆದು ಬಂದಿರುವ ನೆಹರು ಟ್ರೋಫಿ ಬೇರೆ, ಇದು ಬೇರೆ. ಅಲ್ಲಿ ನೂರಕ್ಕೂ ಜಾಸ್ತಿ ಜನ ಮುಂದಕ್ಕೆ ಮುಖ ಮಾಡಿ ಕೂತಿರುತ್ತಾರೆ. ಹುಟ್ಟು ಕೈಯಲ್ಲಿ ಬಿಡಿಯಾಗಿ ಇರುತ್ತದೆ. ನಮ್ಮ ಹರಿಗೋಲಿನಲ್ಲೂ ಹಾಗೇ, ಹುಟ್ಟು ಪೂರ್ತಿ ಅಂಬಿಗನ ಕೈಯಲ್ಲೇ.

ರೋಯಿಂಗ್‌ನಲ್ಲಿ ಹುಟ್ಟನ್ನು ದೋಣಿಗೇ ಸಿಕ್ಕಿಸಿರುತ್ತಾರೆ. ಮೀಟಿ ಎಬ್ಬಿಸುವ ಹಾರೆಯ ಹಾಗೆ ಕೆಲಸ ಮಾಡುತ್ತದೆ. ಕೂತವರು ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರುತ್ತಾರೆ. ಒಬ್ಬೊಬ್ಬರಿಗೆ ಎರಡು ಹುಟ್ಟು ಇದ್ದರೆ ಅದು ಸ್ಕಲ್ಲಿಂಗ್. ಒಬ್ಬರಿಗೆ ಒಂದೇ ಉದ್ದ ಹುಟ್ಟು ಇದ್ದರೆ ಸ್ವೀಪ್. ದೋಣಿಯಲ್ಲಿ ಒಬ್ಬರು, ಇಬ್ಬರು, ನಾಲ್ವರು ಇಲ್ಲವೇ ಎಂಟು ಜನ. ದೊಡ್ಡ ಪಂದ್ಯಗಳಲ್ಲಿ ದೂರ 2000 ಮೀಟರ್. ಒಳ್ಳೆಯ ಗಂಡಸರ ಎಂಟರ ದೋಣಿ ಅದನ್ನು ಐದೂವರೆ ನಿಮಿಷದ ಆಸುಪಾಸಿನಲ್ಲಿ ಮುಗಿಸುತ್ತದೆ.

ಕನ್ನಡದಲ್ಲಿ ‘ಹುಟ್ಟು ಹಾಕು’ ಅಂದರೆ ದೋಣಿ ನಡೆಸು ಅಂತಲೂ ಆಗುತ್ತದೆ, ಹೊಸದಾಗಿ ಶುರು ಮಾಡು ಅಂತಲೂ ಆಗುತ್ತದೆ. ನಮ್ಮ ಶಾಲೆಯಲ್ಲಿ ಸದ್ಯಕ್ಕೆ ಎರಡನೆಯದೇ ಜಾಸ್ತಿ ನಡೆದಿದೆ.

ಬೆನ್ನು ಮುಂದ ಮಾಡಿ ಹೋದ್ರ ದಾರಿ ಹ್ಯಾಂಗ ಕಾಣಸ್ತದ?

ಎಂಟರ ದೋಣಿಯಲ್ಲಿ ಒಂಬತ್ತನೆಯವನೊಬ್ಬ ಇರುತ್ತಾನೆ, ಕಾಕ್ಸ್ ಅಂತ. ಅವನಿಗೆ ಹುಟ್ಟಿಲ್ಲ. ಚುಕ್ಕಾಣಿ ಹಿಡಿಯುವುದು, ಲಯ ಹೇಳುವುದು, ಬೈಯುವುದು ಅವನ ಕೆಲಸ. ಹಗುರ ಇದ್ದಷ್ಟೂ ಒಳ್ಳೆಯದು. ಆದರೆ ದೊಡ್ಡವರ ಪಂದ್ಯದಲ್ಲಿ 55 ಕೆ.ಜಿ.ಗಿಂತ ಕಡಿಮೆ ಇದ್ದರೆ ಉಳಿದ ತೂಕವನ್ನು ಜೊತೆಗೆ ಹೊತ್ತು ಕೂರಬೇಕು. ಕಾಕ್ಸ್ ಇಲ್ಲದ ಸಣ್ಣ ದೋಣಿಗಳಲ್ಲಿ ಆಗಾಗ ಹೊರಳಿ ನೋಡಿಕೊಳ್ಳಬೇಕು. ದೋಣಿಯ ಚೂಪು ಮೂತಿಗೆ ಒಂದು ಬಿಳಿ ರಬ್ಬರ್ ಚೆಂಡು ಹಾಕಿರುತ್ತಾರೆ. ಯಾರಿಗಾದರೂ ಬಡಿದರೆ ಚುಚ್ಚದಿರಲಿ ಅಂತ.

ಕೈಗೆ ಬಲ ಇದ್ದ ಹುಡುಗ್ರೇ ಬೇಕಲ್ವಾ ಇದಕ್ಕೆ?

ಎಲ್ಲರೂ ಹೀಗೇ ಅಂದುಕೊಳ್ಳುತ್ತಾರೆ. ಬಲ ಹೆಚ್ಚಾಗಿ ಬರುವುದು ಕಾಲಿನಿಂದ. ಕೂರುವ ಸೀಟಿಗೆ ಸಣ್ಣ ಗಾಲಿಗಳಿವೆ, ಅದು ಹಳಿಯ ಮೇಲೆ ಹಿಂದೆ ಮುಂದೆ ಓಡುತ್ತದೆ. ಪಾದ ಕಟ್ಟಿರುತ್ತದೆ. ಮೊದಲು ಕಾಲು ಒದೆಯಬೇಕು, ಆಮೇಲೆ ಬೆನ್ನು ತೆರೆಯಬೇಕು, ಕೊನೆಗೆ ಕೈ ಎಳೆಯಬೇಕು. ವಾಪಸ್ ಬರುವಾಗ ಕೈ, ಬೆನ್ನು, ಕಾಲು. ಹೊಲದಲ್ಲಿ ಕೆಲಸ ಮಾಡಿದ ಮಕ್ಕಳಿಗೆ ಇದು ಬೇಗ ಬರುತ್ತದೆ. ತೊಗರಿ ಚೀಲ ಎತ್ತುವಾಗ ಬೆನ್ನಿನಿಂದ ಎತ್ತಬಾರದು, ಕಾಲಿನಿಂದ ಎತ್ತಬೇಕು ಅಂತ ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಜಿಮ್‌ನಲ್ಲಿ ತೋಳು ಬೆಳೆಸಿಕೊಂಡು ಬಂದವರು ಮೊದಲ ವಾರ ಬರೀ ಕೈಯಿಂದ ಜಗ್ಗಿ ಸುಸ್ತಾಗುತ್ತಾರೆ.

ಇತಿಹಾಸ ಕೇಳುವವರಿಗೆ

ಹಾಗಾದರೆ ಇದು ಶಾಲೆಗೆ ಬಂದಿದ್ದು ಹೇಗೆ? ಮೊದಲು ಶುರು ಮಾಡಿದ ಶಾಲೆ ಯಾವುದು?

ಶುರುವಾಗಿದ್ದು ಶಾಲೆಯಲ್ಲಿ ಅಲ್ಲ, ಅಂಬಿಗರಲ್ಲಿ. ಲಂಡನ್ನಿನಲ್ಲಿ ಸೇತುವೆ ಕಡಿಮೆ ಇದ್ದ ಕಾಲದಲ್ಲಿ ಜನ ಥೇಮ್ಸ್ ಹೊಳೆ ದಾಟುತ್ತಿದ್ದುದು ಬಾಡಿಗೆ ದೋಣಿಯಲ್ಲಿ. ಹೊಸದಾಗಿ ಕೆಲಸ ಕಲಿತು ಹೊರಬಂದ ಅಂಬಿಗರ ಹುಡುಗರಿಗೆ ಅಂತ ಥಾಮಸ್ ಡಾಗೆಟ್ ಎಂಬ ನಟ 1715ರಲ್ಲಿ ಒಂದು ಪಂದ್ಯ ಇಟ್ಟ. ಗೆದ್ದವನಿಗೆ ಕೆಂಪು ಕೋಟು, ತೋಳಿಗೆ ದೊಡ್ಡ ಬೆಳ್ಳಿ ಬಿಲ್ಲೆ. ಆ ಪಂದ್ಯ ಇವತ್ತಿಗೂ ನಡೆಯುತ್ತದೆ.

ಅದೇ ಹೊಳೆಯ ದಂಡೆಯಲ್ಲಿ ಈಟನ್ ಶಾಲೆ ಇತ್ತು, ವೆಸ್ಟ್‌ಮಿನ್‌ಸ್ಟರ್ ಶಾಲೆ ಇತ್ತು. ಹದಿನೆಂಟನೇ ಶತಮಾನದ ಕೊನೆಯ ಹೊತ್ತಿಗೆ ಈಟನ್ನಿನ ಹುಡುಗರು ದೋಣಿ ಹತ್ತುತ್ತಿದ್ದರು. ಮೇಷ್ಟ್ರುಗಳ ಅನುಮತಿ ಇರಲಿಲ್ಲ. ಕಂಡೂ ಕಾಣದ ಹಾಗೆ ಇರುತ್ತಿದ್ದರು, ಅಷ್ಟೇ. ನಮ್ಮ ಕಡೆ ಮಕ್ಕಳು ಬಾವಿಗೆ ಈಜಲು ಹೋದರೆ ಹೆಡ್‌ಮಾಸ್ತರು ಇರುತ್ತಾರಲ್ಲ, ಹಾಗೆ. ವೆಸ್ಟ್‌ಮಿನ್‌ಸ್ಟರಿನವರು ಒಂದು ಜಾಣತನ ಮಾಡಿದರು. 1813ರಿಂದ ಒಂದು ದಫ್ತರ ಇಟ್ಟರು. ಯಾವ ದೋಣಿಯಲ್ಲಿ ಯಾರು ಕೂತರು ಅಂತ ಬರೆದರು. ಅದರ ಹೆಸರೇ ‘ನೀರಿನ ದಫ್ತರ’. ಹೀಗಾಗಿ ಮೊದಲು ಯಾರು ಅಂತ ಕೇಳಿದರೆ ನಾನು ಹೇಳುವುದು ಇಷ್ಟು: ರೂಢಿ ಈಟನ್ನಿನದು, ಬರೆದಿಟ್ಟ ಇತಿಹಾಸ ವೆಸ್ಟ್‌ಮಿನ್‌ಸ್ಟರಿನದು.

1829ರಲ್ಲಿ ಈ ಎರಡು ಶಾಲೆಗಳ ನಡುವೆ ಪಂದ್ಯ ಆಯಿತು. ಆಕ್ಸ್‌ಫರ್ಡ್–ಕೇಂಬ್ರಿಜ್ ಪಂದ್ಯ ಮೊದಲು ನಡೆದಿದ್ದೂ ಅದೇ ವರ್ಷ, ಹೆನ್ಲಿ ಊರಿನಲ್ಲಿ. ಆ ಊರಿನವರು 1839ರಲ್ಲಿ ತಮ್ಮದೇ ರೆಗಾಟಾ, ಅಂದರೆ ದೋಣಿ ಪಂದ್ಯಗಳ ಕೂಟ, ಶುರು ಮಾಡಿದರು. ಅದರಲ್ಲಿ ಶಾಲೆಗಳ ಎಂಟರ ದೋಣಿಗೆ ಅಂತಲೇ ಬೇರೆ ಕಪ್ ಬರಲು 1946ರವರೆಗೆ ಕಾಯಬೇಕಾಯಿತು.

ಅಂಬಿಗರ ಕೆಲಸ ಹೋಗಿ ದೊಡ್ಡವರ ಆಟ ಹ್ಯಾಂಗ ಆತು? ನಮ್ಮಜ್ಜ ಹರಿಗೋಲು ಹಾಕ್ತಿದ್ದ, ಅದಕ್ಕ ಕೇಳ್ತೀನಿ.

ಇದು ನನಗೆ ಬಹಳ ಇಷ್ಟದ ಪ್ರಶ್ನೆ. ಕೇಳಿದ್ದು ಒಂಬತ್ತನೇ ಕ್ಲಾಸಿನ ಒಬ್ಬಳು ಹುಡುಗಿ.

ಶಾಲೆ ಹುಡುಗರು ಮೊದಮೊದಲು ಅಂಬಿಗರಿಂದಲೇ ಕಲಿತರು. ದೋಣಿ ಕಟ್ಟಿಕೊಟ್ಟವರೂ ಅವರೇ. ಹಣ ಕಟ್ಟಿ ನಡೆಯುವ ಪಂದ್ಯಗಳಲ್ಲಿ ಅಂಬಿಗರನ್ನು ಸೋಲಿಸುವುದು ಸುಲಭ ಇರಲಿಲ್ಲ, ದಿನಾ ಅದೇ ಕೆಲಸ ಮಾಡುವವರು. ಆಗ ಬಂತು ‘ಹವ್ಯಾಸಿ’ ಅನ್ನುವ ನಿಯಮ. ಹೆನ್ಲಿಯವರು 1879ರಲ್ಲಿ ಬರೆದಿಟ್ಟರು: ದೋಣಿಯಿಂದ ಹೊಟ್ಟೆ ಹೊರೆಯುವವನಿಗೆ ಪ್ರವೇಶ ಇಲ್ಲ. ಅದು ಹೋಗಲಿ ಅನ್ನಬಹುದು. ಆದರೆ ಕೂಲಿಗಾಗಿ ಮೈಮುರಿದು ದುಡಿಯುವ ಕುಶಲಕರ್ಮಿ, ಕಾರ್ಮಿಕ ಯಾರಿಗೂ ಇಲ್ಲ ಅಂತಲೂ ಸೇರಿಸಿದರು. ಅಂದರೆ ಬಡಗಿ ಸಂಜೆ ಹೊತ್ತು ಖುಷಿಗೆ ದೋಣಿ ನಡೆಸಿದರೂ ಅವನು ಹವ್ಯಾಸಿ ಅಲ್ಲ. ಕೈಕೆಲಸ ಮಾಡುವವನ ಮೈಗೆ ಬಲ ಜಾಸ್ತಿ, ಅದು ಅನ್ಯಾಯ ಅನ್ನುವ ವಾದ. ವಾದ ಕೇಳಿ ನಗು ಬರುತ್ತದೆ. ಹಾಗೆ ನೋಡಿದರೆ ಊಟ ಸರಿಯಾಗಿ ಸಿಗುವವನದೂ ಅನ್ಯಾಯವೇ ಅಲ್ವಾ?

ಇದಕ್ಕೆ ಸಿಕ್ಕಿಬಿದ್ದವರಲ್ಲಿ ದೊಡ್ಡ ಹೆಸರು ಅಮೆರಿಕದ ಫಿಲಡೆಲ್ಫಿಯಾದ ಜಾನ್ ಕೆಲಿ. ಇಟ್ಟಿಗೆ ಕಟ್ಟುವ ಗೌಂಡಿ. 1920ರಲ್ಲಿ ಹೆನ್ಲಿಯ ಒಬ್ಬರ ದೋಣಿ ಪಂದ್ಯಕ್ಕೆ ಹೆಸರು ಕೊಟ್ಟ. ಬೇಡ ಅಂದರು. ಅದೇ ವರ್ಷ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಇಂಗ್ಲೆಂಡಿನ ಜಾಕ್ ಬೆರೆಸ್‌ಫರ್ಡ್‌ನನ್ನು ಸೋಲಿಸಿ ಚಿನ್ನ ಗೆದ್ದ. 1936ರಲ್ಲಿ ಆಸ್ಟ್ರೇಲಿಯಾದ ಒಲಿಂಪಿಕ್ ತಂಡ ಹೆನ್ಲಿಗೆ ಬಂದಾಗ ಅದರಲ್ಲಿದ್ದವರು ಪೊಲೀಸರು, ಅವರಿಗೂ ಪ್ರವೇಶ ಸಿಗಲಿಲ್ಲ. ಗಲಾಟೆ ಎದ್ದಿತು. ಮರುವರ್ಷ, 1937ರಲ್ಲಿ, ಕಾರ್ಮಿಕರ ಮೇಲಿನ ಆ ಸಾಲು ತೆಗೆದರು. ಕೆಲಿ ತನ್ನ ಮಗನಿಗೆ ಸಣ್ಣಂದಿನಿಂದ ಹುಟ್ಟು ಹಿಡಿಸಿದ್ದ. ತಂದೆಗೆ ಬಾಗಿಲು ಹಾಕಿದ್ದ ಅದೇ ಪಂದ್ಯವನ್ನು ಮಗ 1947ರಲ್ಲಿ ಗೆದ್ದ.

ಬಸವಣ್ಣನವರ ಕಾಲದಲ್ಲೇ ಅಂಬಿಗರ ಚೌಡಯ್ಯನವರು ಹುಟ್ಟು ಹಿಡಿದ ಕೈಯಿಂದಲೇ ವಚನ ಬರೆದು, ಹುಟ್ಟಿನ ಮೇಲೆ ಹಮ್ಮು ತೋರಿದವರ ಬೆವರಿಳಿಸಿದ್ದರು. ಆ ಹುಡುಗಿಗೆ ಇದನ್ನೂ ಹೇಳಿದೆ. ‘ಅವ್ರನ್ನ ಹೆನ್ಲಿಗೆ ಕಳಸ್ಬೇಕಿತ್ತು ಸರ’ ಅಂದಳು.

ಇದು ಗಂಡುಮಕ್ಕಳ ಆಟ ಅಲ್ಲೇನ್ರಿ?

ಬಹಳ ಕಾಲ ಹಾಗೇ ಮಾಡಿಟ್ಟಿದ್ದರು. ಒಲಿಂಪಿಕ್ಸ್‌ನಲ್ಲಿ ಗಂಡಸರ ರೋಯಿಂಗ್ 1900ರಿಂದ ಇದೆ, ಹೆಂಗಸರದ್ದು ಬಂದಿದ್ದು 1976ರಲ್ಲಿ. ಅದೂ ಅರ್ಧ ದೂರಕ್ಕೆ, 1000 ಮೀಟರ್. ಪೂರ್ತಿ 2000 ಸಿಕ್ಕಿದ್ದು 1988ರ ಒಲಿಂಪಿಕ್ಸ್‌ನಿಂದ. ಹೆನ್ಲಿಯಲ್ಲಿ ಶಾಲಾ ವಯಸ್ಸಿನ ಹುಡುಗಿಯರ ಎಂಟರ ದೋಣಿಗೆ ಕಪ್ ಇಟ್ಟಿದ್ದು 2021ರಲ್ಲಿ. ಹುಡುಗರಿಗೆ 1946, ಹುಡುಗಿಯರಿಗೆ 2021. ಲೆಕ್ಕ ನೀವೇ ಹಾಕಿ.

1976ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಇನ್ನೊಂದು ಸಂಗತಿ ನಡೆಯಿತು. ನದಿಯ ಹತ್ತಿರ ಹುಡುಗರಿಗೆ ಸ್ನಾನದ ಮನೆ ಇತ್ತು, ಹುಡುಗಿಯರಿಗೆ ಇರಲಿಲ್ಲ. ಚಳಿಯಲ್ಲಿ ಒದ್ದೆ ಬಟ್ಟೆಯಲ್ಲೇ ಬಸ್ಸಿನಲ್ಲಿ ಕೂತು, ಹುಡುಗರ ಸ್ನಾನ ಮುಗಿಯುವವರೆಗೆ ಕಾಯಬೇಕು. ಕ್ರಿಸ್ ಅರ್ನ್‌ಸ್ಟ್ ಎಂಬ ಆಟಗಾರ್ತಿಯ ಮುಂದಾಳತ್ವದಲ್ಲಿ 19 ಜನ ಹುಡುಗಿಯರು ಕ್ರೀಡಾ ಕಚೇರಿಗೆ ನುಗ್ಗಿ ಪ್ರತಿಭಟಿಸಿದರು. ಸುದ್ದಿ ಪತ್ರಿಕೆಗೆ ಹೋಯಿತು, ಸ್ನಾನದ ಮನೆಯೂ ಬಂತು. ನಾನು ಇದನ್ನು ಹೇಳುವುದಕ್ಕೆ ಕಾರಣ ಇದೆ. ನಮ್ಮಲ್ಲಿ ಹುಡುಗಿಯರು ಆಟ ಬಿಡುವುದು ಶಕ್ತಿ ಸಾಲದೆ ಅಲ್ಲ. ಬಟ್ಟೆ ಬದಲಿಸಲು ಚಿಲಕ ಇರುವ ಒಂದು ಕೋಣೆ ಇಲ್ಲದೆ. ನಮ್ಮ ಶಾಲೆಯಲ್ಲಿ ನಾನು ಮೊದಲು ಕೇಳಿದ್ದು ಯಂತ್ರ ಅಲ್ಲ, ಆ ಚಿಲಕ.

ಇಂಗ್ಲೆಂಡ್ ಬಿಟ್ಟು ಬೇರೆ ಕಡೆ ಶಾಲೆಗಳಲ್ಲಿ ಇದು ನಿಜಕ್ಕೂ ಬೆಳೆದಿದೆಯಾ?

ಬೆಳೆದಿದೆ. ಅಮೆರಿಕದ ನ್ಯೂಹ್ಯಾಂಪ್‌ಶೈರ್‌ನ ಸೇಂಟ್ ಪಾಲ್ಸ್ ಶಾಲೆಯಲ್ಲಿ 1871ರಿಂದ ಶಾಲೆಯೊಳಗೇ ಎರಡು ಕ್ಲಬ್ ಮಾಡಿ ಪಂದ್ಯ ಆಡಿಸುತ್ತಾರೆ. ಮೆಲ್ಬರ್ನ್‌ನಲ್ಲಿ ಶಾಲೆ ಶಾಲೆಗಳ ಪಂದ್ಯ 1868ರಿಂದ ಇದೆ.

ನನಗೆ ಮಾತ್ರ ನ್ಯೂಜಿಲೆಂಡಿನ ಮಾದಿ ಕಪ್ಪಿನ ಕಥೆ ಎಲ್ಲಕ್ಕಿಂತ ಹಿಡಿಸುತ್ತದೆ. ಮಾದಿ ಅನ್ನುವುದು ಈಜಿಪ್ಟಿನಲ್ಲಿ ಕೈರೋ ಪಕ್ಕದ ಊರು. ಎರಡನೇ ಮಹಾಯುದ್ಧದ ಹೊತ್ತಿಗೆ ನ್ಯೂಜಿಲೆಂಡಿನ ಸೈನಿಕರ ಬಿಡಾರ ಅಲ್ಲಿತ್ತು. ಬಿಡುವಿದ್ದಾಗ ನೈಲ್ ನದಿಯಲ್ಲಿ ಅಲ್ಲಿನ ಕ್ಲಬ್ಬಿನವರ ಜೊತೆ ಪಂದ್ಯ ಆಡಿ ಗೆದ್ದರು. ಸಿಕ್ಕ ಕಪ್ಪನ್ನು ಊರಿಗೆ ತಂದರು. 1947ರಿಂದ ಅದು ಶಾಲಾ ಹುಡುಗರ ಎಂಟರ ದೋಣಿಯ ಕಪ್ ಆಯಿತು. ಈಗ ಆ ಹೆಸರಿನ ಕೂಟಕ್ಕೆ ವರ್ಷವೂ ಎರಡು ಸಾವಿರದಷ್ಟು ವಿದ್ಯಾರ್ಥಿಗಳು ಬರುತ್ತಾರೆ. ಒಂದು ವರ್ಷ ಕರಾಪಿರೊ ಕೆರೆ, ಮರುವರ್ಷ ರುವಾಟಾನಿಫಾ ಕೆರೆ. ಎರಡೂ ಸಹಜ ಕೆರೆಗಳಲ್ಲ, ವಿದ್ಯುತ್ ಯೋಜನೆಗೆ ಕಟ್ಟೆ ಕಟ್ಟಿದಾಗ ನಿಂತ ನೀರು. ನಮ್ಮ ಕಡೆಯ ಅಣೆಕಟ್ಟುಗಳಾದ ಕಾರಂಜಾ, ಬೆಣ್ಣೆತೊರೆ, ನಾರಾಯಣಪುರದ ಹಿನ್ನೀರು ನೋಡಿದಾಗೆಲ್ಲ ನನಗೆ ಇದು ನೆನಪಾಗುತ್ತದೆ.

ಭಾರತಕ್ಕೆ ಬಂದು ಇಷ್ಟು ವರ್ಷ ಆದರೂ ನಮ್ಮ ಕಡೆ ಯಾಕೆ ಬರಲಿಲ್ಲ?

ಇಂಗ್ಲಿಷರು ತಮ್ಮ ಜೊತೆ ತಂದರು, ತಾವಿದ್ದಲ್ಲೇ ಇಟ್ಟುಕೊಂಡರು. ಕಲ್ಕತ್ತಾ ರೋಯಿಂಗ್ ಕ್ಲಬ್ 1858ರದ್ದು. ಮದ್ರಾಸ್ ಬೋಟ್ ಕ್ಲಬ್ 1867, ಪುಣೆಯ ರಾಯಲ್ ಕನಾಟ್ ಬೋಟ್ ಕ್ಲಬ್ 1868. ಮದ್ರಾಸ್ ಮತ್ತು ಕೊಲಂಬೊ ನಡುವೆ 1898ರಿಂದಲೇ ಪಂದ್ಯ. ಬಂದರು ಇದ್ದ ಕಡೆ, ದಂಡು ಇದ್ದ ಕಡೆ ಮಾತ್ರ. ಅಲ್ಲೂ ಬಹುಕಾಲ ಬಿಳಿಯರದ್ದೇ ಕಾರುಬಾರು. ಕಲ್ಕತ್ತೆಯಲ್ಲಿ ಭಾರತೀಯರೇ ಸೇರಿ 1932ರಲ್ಲಿ ಲೇಕ್ ಕ್ಲಬ್ ಮಾಡಿಕೊಂಡರು.

ಕಲಬುರಗಿ, ಬೀದರ್, ಯಾದಗಿರಿ ಆಗ ನಿಜಾಮರ ಸಂಸ್ಥಾನದಲ್ಲಿದ್ದವು, 1948ರ ಸೆಪ್ಟೆಂಬರ್ 17ರವರೆಗೆ. ಬಂದರೂ ಇಲ್ಲ, ಬ್ರಿಟಿಷರ ಬೋಟ್ ಕ್ಲಬ್ಬೂ ಇಲ್ಲ. ಸ್ವಾತಂತ್ರ್ಯ ಬಂದ ಮೇಲೆ ಶಾಲೆಗಳಿಗೇ ಕಟ್ಟಡ ಸಾಲದು, ದೋಣಿ ಎಲ್ಲಿಂದ ಬರಬೇಕು? ಕಬಡ್ಡಿ, ಖೋಖೋ, ವಾಲಿಬಾಲ್ ಬೆಳೆದವು. ಸುಣ್ಣದ ಗೆರೆ ಎಳೆದರೆ ಸಾಕು, ಆಟ ಶುರು. ಅದರಲ್ಲಿ ತಪ್ಪೇನೂ ಇಲ್ಲ.

ಆದರೆ ಒಂದು ತಮಾಷೆ ನೋಡಿ. ಪುಣೆಯ ಎಂಜಿನಿಯರಿಂಗ್ ಕಾಲೇಜಿನ ಬೋಟ್ ಕ್ಲಬ್ ಇರುವುದು ಮುಳಾ–ಮುಠಾ ನದಿಗಳ ಸಂಗಮದ ಹತ್ತಿರ. ಅಲ್ಲಿನ ವಿದ್ಯಾರ್ಥಿಗಳು 1928ರಿಂದ ರೆಗಾಟಾ ನಡೆಸುತ್ತಿದ್ದಾರೆ. ಸಂಜೆ ಕತ್ತಲಾದ ಮೇಲೆ ಪಂಜು ಹಿಡಿದು ಆಟ ತೋರಿಸುತ್ತಾರೆ. ಆ ನೀರು ಮುಂದೆ ಹರಿದು ಭೀಮೆಗೆ ಸೇರಿ, ಉಜನಿ ಅಣೆಕಟ್ಟು ದಾಟಿ, ಪಂಢರಪುರ ದಾಟಿ ನಮ್ಮ ಗಾಣಗಾಪುರಕ್ಕೆ ಬರುತ್ತದೆ. ನೀರು ಬಂತು, ಆಟ ಬರಲಿಲ್ಲ.

ನಮ್ಮೂರಲ್ಲಿ ಮಾಡಬೇಕು ಅನ್ನುವವರಿಗೆ

ಕುಡಿಲಿಕ್ಕೇ ನೀರಿಲ್ಲ, ದೋಣಿ ಆಟ ಎಲ್ಲಿ ಹಚ್ಚೀರಿ?

ಮೇ ತಿಂಗಳಲ್ಲಿ, 43 ಡಿಗ್ರಿ ಬಿಸಿಲಲ್ಲಿ, ಟ್ಯಾಂಕರಿಗೆ ಕೊಡ ಹಿಡಿದು ನಿಂತವರು ಈ ಪ್ರಶ್ನೆ ಕೇಳಿದರೆ ನಾನು ಸುಮ್ನೆ ತಲೆ ಅಲ್ಲಾಡಿಸುತ್ತೇನೆ. ನೆರಳಲ್ಲಿ ಕೂತು ಕೇಳಿದರೆ ಮಾತ್ರ ಉತ್ತರ ಕೊಡುತ್ತೇನೆ.

ಏಷ್ಯನ್ ಗೇಮ್ಸ್ ರೋಯಿಂಗ್‌ನಲ್ಲಿ ಭಾರತಕ್ಕೆ ಮೊದಲ ಚಿನ್ನ ತಂದವರು ಬಜರಂಗ್ ಲಾಲ್ ತಾಖರ್, 2010ರಲ್ಲಿ ಗುವಾಂಗ್‌ಝೌನಲ್ಲಿ. ಊರು ರಾಜಸ್ಥಾನದ ಸೀಕರ್ ಜಿಲ್ಲೆ. ಅದು ಮರಳುಗಾಡಿನ ಅಂಚು. ದತ್ತು ಭೋಕನಳ್ ಮಹಾರಾಷ್ಟ್ರದ ನಾಶಿಕ್ ಜಿಲ್ಲೆಯ ಚಾಂದವಡ ತಾಲ್ಲೂಕಿನವರು. ಬರದ ಊರು. ತಂದೆ ಬಾವಿ ತೋಡುವ ಕೂಲಿ, ಮಗನೂ ಜೊತೆಗೆ ತೋಡಿದ್ದಾನೆ. 2012ರಲ್ಲಿ ಸೇನೆ ಸೇರಿದ ಮೇಲೆ ಪುಣೆಯಲ್ಲಿ ರೋಯಿಂಗ್ ಕಲಿತರು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಒಬ್ಬರ ದೋಣಿಯಲ್ಲಿ 13ನೇ ಸ್ಥಾನ. 2018ರಲ್ಲಿ ಸವರ್ಣ್ ಸಿಂಗ್, ಓಂ ಪ್ರಕಾಶ್, ಸುಖಮೀತ್ ಸಿಂಗ್ ಜೊತೆ ನಾಲ್ವರ ದೋಣಿಯಲ್ಲಿ ಏಷ್ಯನ್ ಗೇಮ್ಸ್ ಚಿನ್ನ.

ಇಬ್ಬರೂ ನೀರಿನ ಊರಿನವರಲ್ಲ. ಸೇನೆ ಎತ್ತರದ, ಗಟ್ಟಿ ಹುಡುಗರನ್ನು ಆರಿಸಿತು, ದೋಣಿ ಕೊಟ್ಟಿತು, ಕಲಿಸಿತು, ಸಂಬಳ ಕೊಟ್ಟಿತು. ಕೊರತೆ ಇರುವುದು ನೀರಿನದಲ್ಲ, ಇಷ್ಟನ್ನೂ ಒಟ್ಟಿಗೆ ಮಾಡುವವರದು ಅಂತ ನನ್ನ ಅನಿಸಿಕೆ.

ಅಪ್ಪನ ಕೆರೆಯಲ್ಲೇ ಶುರು ಮಾಡಬಹುದಲ್ಲಾ?

ಅದು ಕಲಬುರಗಿ ಊರೊಳಗಿನ ಕೆರೆ. ಎರಡು ಕಿಲೋಮೀಟರ್ ನೇರ ನೀರು ಅಲ್ಲಿಲ್ಲ. ಕಲಿಯುವವರಿಗೆ ಅಷ್ಟು ಬೇಕಾಗಿಯೂ ಇಲ್ಲ, ಒಬ್ಬರ ದೋಣಿ ತಿರುಗಿಸುವಷ್ಟು ಜಾಗ ಸಾಕು. ಆದರೆ ಒಬ್ಬರ ದೋಣಿಯೇ ಸುಮಾರು ಎಂಟು ಮೀಟರ್ ಉದ್ದ, ತೂಕ ಬರೀ 14 ಕೆ.ಜಿ. ಅಗಲ ಎಷ್ಟು ಕಡಿಮೆ ಅಂದರೆ ಹುಟ್ಟು ಬಿಟ್ಟ ತಕ್ಷಣ ಮಗುಚುತ್ತದೆ. ಕಳೆ, ಬಲೆ, ಪೂಜೆಯ ಸಾಮಾನು ತೇಲುವ ನೀರಿನಲ್ಲಿ ಅದರ ಪಾಡು ಕಷ್ಟ. ಕಲಿಕೆಗೆ ಅಗಲವಾದ ಗಟ್ಟಿ ದೋಣಿಗಳೇ ಬೇರೆ ಬರುತ್ತವೆ.

ದೂರದ ಅಭ್ಯಾಸಕ್ಕೆ ಹಿನ್ನೀರೇ ಸರಿ. ಅದರಲ್ಲೂ ತೊಂದರೆ ಇದೆ. ಬೇಸಿಗೆಯಲ್ಲಿ ನೀರು ಹಿಂದಕ್ಕೆ ಹೋಗಿ ಕೆಸರು ಉಳಿಯುತ್ತದೆ. ಮಳೆಗಾಲದಲ್ಲಿ ಭೀಮೆಯ ಹತ್ತಿರವೂ ಸುಳಿಯಬಾರದು. 2020ರ ಅಕ್ಟೋಬರ್ ಪ್ರವಾಹ ನೋಡಿದವರಿಗೆ ಇದನ್ನು ಹೇಳಬೇಕಿಲ್ಲ. ಕೃಷ್ಣೆಯಲ್ಲಿ ಮೊಸಳೆ ಇವೆ. ಯಾದಗಿರಿ ಕಡೆಯ ಮಕ್ಕಳು ಇದನ್ನು ಹೇಳುವಾಗ ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತಾರೆ. ನವೆಂಬರಿನಿಂದ ಫೆಬ್ರವರಿವರೆಗೆ, ಬೆಳಗ್ಗೆ ಗಾಳಿ ಏಳುವ ಮುಂಚೆ. ನನ್ನ ಪ್ರಕಾರ ನಮ್ಮ ಕಡೆ ಇರುವ ಋತು ಇಷ್ಟೇ.

ನನ್ನ ಮಗ ಮುಳುಗಿದ್ರ ಯಾರು ಹೊಣೆ?

ಈ ಪ್ರಶ್ನೆ ಕೇಳದ ಪಾಲಕರ ಮಕ್ಕಳನ್ನು ನಾನು ನೀರಿಗೆ ಕರೆದುಕೊಂಡು ಹೋಗಲು ಹೆದರುತ್ತೇನೆ.

1840ರ ಸುಮಾರಿಗೆ ಈಟನ್ನಿನ ಒಬ್ಬ ಹುಡುಗ ಥೇಮ್ಸ್‌ನಲ್ಲಿ ಮುಳುಗಿ ಸತ್ತ. ಅಲ್ಲಿಯವರೆಗೆ ಕಂಡೂ ಕಾಣದ ಹಾಗಿದ್ದ ಶಾಲೆ ಆಮೇಲೆ ನಿಯಮ ಮಾಡಿತು. ಈಜಿನ ಪರೀಕ್ಷೆ ಪಾಸಾದವರಿಗೆ ಮಾತ್ರ ದೋಣಿ. ಕದ್ದುಮುಚ್ಚಿ ನಡೆಯುತ್ತಿದ್ದ ಆಟ ಶಾಲೆಯ ಆಟ ಆಗಿದ್ದು ಹೀಗೆ. ನಮ್ಮ ದೇಶದ್ದೇ ಹೇಳುವುದಾದರೆ, 2022ರ ಮೇನಲ್ಲಿ ಕೋಲ್ಕತ್ತದ ರವೀಂದ್ರ ಸರೋವರದಲ್ಲಿ ಅಭ್ಯಾಸದ ಹೊತ್ತಿಗೆ ಬಿರುಗಾಳಿ ಎದ್ದು ದೋಣಿ ಮಗುಚಿ ಇಬ್ಬರು ಶಾಲಾ ಹುಡುಗರು ತೀರಿಕೊಂಡರು. ನುರಿತ ಊರು, ಹಳೆಯ ಆಟ. ಆದರೂ ಆಯಿತು.

ಹಾಗಾಗಿ ಮೊದಲು ಈಜು. ಆಮೇಲೆ ಬೇಕಂತಲೇ ದೋಣಿ ಮಗುಚಿ, ಕಾಲಿನ ಪಟ್ಟಿ ಬಿಡಿಸಿಕೊಂಡು ಹೊರಬರುವ ಅಭ್ಯಾಸ. ಮಗುಚಿದ ದೋಣಿ ತೇಲುತ್ತದೆ. ಅದನ್ನು ಬಿಟ್ಟು ದಂಡೆಗೆ ಈಜುತ್ತೇನೆ ಅಂತ ಹೋಗಬಾರದು, ಹಿಡಿದುಕೊಂಡೇ ಇರಬೇಕು. ಪಕ್ಕದಲ್ಲಿ ಮೋಟಾರು ದೋಣಿ, ಮಕ್ಕಳಿಗೆ ಲೈಫ್ ಜಾಕೆಟ್. ಮೋಡ ಕಪ್ಪಾದರೆ ಆ ದಿನ ಮನೆಗೆ. ಈ ಸಾಮಾನು ನಮ್ಮಲ್ಲಿ ಪೂರ್ತಿ ಇಲ್ಲ. ಅದಕ್ಕೇ ನಮ್ಮ ಮಕ್ಕಳು ಇನ್ನೂ ಕೋಣೆಯಲ್ಲೇ ಇದ್ದಾರೆ.

ನೀರಿಲ್ಲದೆ ಯಂತ್ರದ ಮೇಲೆ ಕಲಿತದ್ದು ಕಲಿಕೆಯಾ? ಸುಮ್ನೆ ಕಸರತ್ತು ಅಲ್ವಾ?

ಅರ್ಧ ಕಲಿಕೆ. ದೋಣಿ ಹೊರಳದ ಹಾಗೆ ಸಮತೋಲ ಹಿಡಿಯುವುದು, ಹುಟ್ಟಿನ ಅಲಗನ್ನು ನೀರಿನ ಮೇಲೆ ಮಲಗಿಸಿ ತಿರುಗಿಸುವುದು ಇದರಲ್ಲಿ ಬರುವುದಿಲ್ಲ. ಆದರೆ ಉಸಿರು, ಕಾಲಿನ ಒದೆತ, ಲಯ ಬರುತ್ತದೆ. ದೊಡ್ಡ ತಂಡಗಳೂ ಆಯ್ಕೆಗೆ ಇದರ ಮೇಲಿನ 2000 ಮೀಟರಿನ ಸಮಯ ನೋಡುತ್ತವೆ.

ಇದು ಬಂದ ಬಗೆಯೂ ಚೆನ್ನಾಗಿದೆ. ಅಮೆರಿಕದ ವರ್ಮಾಂಟಿನಲ್ಲಿ ಡಿಕ್ ಮತ್ತು ಪೀಟ್ ಡ್ರೈಸಿಗ್ಯಾಕರ್ ಅಂತ ಅಣ್ಣತಮ್ಮಂದಿರು. ಹುಟ್ಟು ತಯಾರಿಸುವ ಕೆಲಸ. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿದರೆ ಅಭ್ಯಾಸ ನಿಲ್ಲುತ್ತದೆ. ಕೊಟ್ಟಿಗೆಯ ನೆಲಕ್ಕೆ ಒಂದು ಸೈಕಲ್ಲನ್ನು ತಲೆಕೆಳಗಾಗಿ ಜಡಿದು, ಅದರ ಚೈನು ಜಗ್ಗಿ ನೋಡಿದರು. ಅಲ್ಲಿಂದ ಹುಟ್ಟಿದ್ದು 1981ರ ಕಾನ್ಸೆಪ್ಟ್ ಟೂ ಯಂತ್ರ. ಅವರಿಗೆ ಮಂಜು ಅಡ್ಡ, ನಮಗೆ ಬಿಸಿಲು ಅಡ್ಡ. ಮದ್ದು ಒಂದೇ.

ಜಗ್ಗಿದಾಗ ಒಳಗಿನ ಫ್ಯಾನು ತಿರುಗಿ ಗಾಳಿಯನ್ನು ಸೀಳುತ್ತದೆ. ಜೋರಾಗಿ ಜಗ್ಗಿದಷ್ಟೂ ಜೋರಾಗಿ ತಡೆಯುತ್ತದೆ. ಶಬ್ದ ಥೇಟ್ ನಮ್ಮ ಏರ್ ಕೂಲರಿನದು. ಮೊದಲ ದಿನ ಪಕ್ಕದ ಕ್ಲಾಸಿನ ಮೇಡಂ ಬಂದು ‘ನಿಮಗ ಕೂಲರ್ ಕೊಟ್ಟಾರ, ನಮಗ ಯಾಕಿಲ್ಲ?’ ಅಂತ ಜಗಳ ತೆಗೆದಿದ್ದರು.

ಬೆಲೆ ಒಂದು ಲಕ್ಷಕ್ಕೂ ಮೇಲೆ. ಕೊಳ್ಳುವವರಿಗೆ ನನ್ನ ಮಾತು: ಬೀಗ ಹಾಕುವುದಾದರೆ ಕೊಳ್ಳಬೇಡಿ. ನಾನು ಹಿಂದೆ ಇದ್ದ ಒಂದು ಶಾಲೆಯಲ್ಲಿ ಹಾಳಾದೀತು ಅಂತ ಯಂತ್ರವನ್ನು ಸ್ಟೋರ್ ರೂಮಿನಲ್ಲಿ ಇಟ್ಟರು. ಎರಡು ಮಳೆಗಾಲ ಕಳೆಯಿತು. ತೆಗೆದಾಗ ಚೈನು ತುಕ್ಕು ಹಿಡಿದು ಕಂದು ಹಗ್ಗ ಆಗಿತ್ತು, ಪಾದದ ಪಟ್ಟಿಯನ್ನು ಇಲಿ ತಿಂದಿತ್ತು. ಬಳಸದೆ ಹಾಳಾದ ಸಾಮಾನಿಗೆ ಯಾರೂ ಲೆಕ್ಕ ಕೇಳುವುದಿಲ್ಲ, ಬಳಸಿ ಹಾಳಾದರೆ ನೋಟಿಸು ಬರುತ್ತದೆ.

ಸ್ವಲ್ಪ ಒಳಗೆ ಹೋಗಿ ಕೇಳುವವು

ದೋಣಿ ಇಷ್ಟು ವೇಗ ಆಗಿದ್ದು ಮನುಷ್ಯರಿಂದಲೋ, ಸಾಮಾನಿನಿಂದಲೋ?

ಎರಡರಿಂದಲೂ. ಸಾಮಾನಿನಲ್ಲಿ ಮೂರು ಹೆಜ್ಜೆ ಮುಖ್ಯ ಅಂತ ನನಗನಿಸುತ್ತದೆ. ಹುಟ್ಟನ್ನು ದೋಣಿಯ ಅಂಚಿನಿಂದ ಹೊರಚಾಚಿದ ಕಬ್ಬಿಣದ ಕೈಗೆ ಸಿಕ್ಕಿಸಿದ್ದು ಮೊದಲನೆಯದು, 1840ರ ದಶಕದಲ್ಲಿ. ಇದರಿಂದ ದೋಣಿಯನ್ನು ಕಿರಿದು ಮಾಡಿಯೂ ಮೀಟುವ ಬಲ ಉಳಿಸಿಕೊಳ್ಳಬಹುದಾಯಿತು. ಎರಡನೆಯದು ಜಾರುವ ಸೀಟು. ಅದಕ್ಕೆ ಮುಂಚೆ ಆಟಗಾರರು ಚರ್ಮದ ಚಡ್ಡಿಗೆ ಕೊಬ್ಬು ಸವರಿಕೊಂಡು ಹಲಗೆಯ ಮೇಲೆ ಜಾರುತ್ತಿದ್ದರಂತೆ! 1870ರ ಸುಮಾರಿಗೆ ಅಮೆರಿಕದಲ್ಲಿ ಜಾರುವ ಸೀಟು ಪಂದ್ಯಕ್ಕೆ ಒದಗಿತು. 1873ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್ ಎರಡೂ ಬಳಸಿದವು. ಕಾಲಿನ ಬಲ ಪೂರ್ತಿ ಬಳಕೆಗೆ ಬಂದಿದ್ದು ಆಗ. ಮೂರನೆಯದು ಮರ ಹೋಗಿ ಕಾರ್ಬನ್ ಫೈಬರ್ ಬಂದಿದ್ದು. ಹುಟ್ಟಿನ ಅಲಗು 1990ರ ದಶಕದಲ್ಲಿ ಕೊಡಲಿಯ ಆಕಾರಕ್ಕೆ ತಿರುಗಿತು, ನೀರನ್ನು ಬೇಗ ಕಚ್ಚುತ್ತದೆ.

ಮರದ ದೋಣಿಯ ಕಾಲದ ದೊಡ್ಡ ಕುಶಲಿ ಜಾರ್ಜ್ ಪೋಕಾಕ್. ಅವನ ತಂದೆ ಈಟನ್ ಶಾಲೆಯ ದೋಣಿ ಕಟ್ಟುವವನು. ಮಗ ಸಮುದ್ರ ದಾಟಿ ಹೋಗಿ ಅಮೆರಿಕದ ಸಿಯಾಟಲ್‌ನಲ್ಲಿ ನೆಲೆಸಿದ. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹುಡುಗರು ಚಿನ್ನ ಗೆದ್ದಿದ್ದು ಅವನು ಕಟ್ಟಿದ ದೋಣಿಯಲ್ಲಿ.

ಕೆರೆ ಸಿಗದಿದ್ದರೆ ಶಾಲೆಯೇ ಕೆರೆ ತೋಡಿದ್ದು ಎಲ್ಲಾದರೂ ಉಂಟಾ?

ಉಂಟು. ಈಟನ್ನಿನವರೇ ತೋಡಿದರು. ಡಾರ್ನಿ ಕೆರೆ, 2000 ಮೀಟರ್, ಎಂಟು ಸಾಲು. 2012ರ ಲಂಡನ್ ಒಲಿಂಪಿಕ್ಸ್ ರೋಯಿಂಗ್ ನಡೆದದ್ದು ಅಲ್ಲೇ. ಇದನ್ನು ಹೇಳಿದರೆ ನಮ್ಮ ಆಡಳಿತ ಮಂಡಳಿಯವರು ನಗುತ್ತಾರೆ. ನಾನು ಕೇಳಿದ್ದು ಕೆರೆ ಅಲ್ಲ, ಒಂದು ಹಿಂದಿನ ಕೋಣೆ.

ಇದರಿಂದ ನೌಕರಿ ಸಿಗ್ತದೇನ್ರಿ?

ಸೇನೆಯಲ್ಲಿ ಕ್ರೀಡಾ ಕೋಟಾ ಇದೆ, ಭಾರತದ ದೊಡ್ಡ ರೋವರುಗಳಲ್ಲಿ ಹೆಚ್ಚಿನವರು ಸೇನೆಯವರೇ. ಎತ್ತರ ಬೇಕು. ಅದರಾಚೆ ನಾನು ಯಾರಿಗೂ ಮಾತು ಕೊಡುವುದಿಲ್ಲ.

ನಿಮ್ಮ ಸಾಲಿ ರೋಯಿಂಗ್ ಇತಿಹಾಸ ಎಷ್ಟು ವರ್ಷದ್ದು ಸರ?

ಇನ್ನೂರು ಪುಟದ ಒಂದು ನೋಟ್‌ಬುಕ್ಕಿನಷ್ಟು. ವೆಸ್ಟ್‌ಮಿನ್‌ಸ್ಟರಿನವರ ದಫ್ತರದ ಬಗ್ಗೆ ಓದಿದ ಮೇಲೆ ನಾನೂ ಒಂದು ಇಟ್ಟೆ. ಯಾರು ಬಂದರು, ಎಷ್ಟು ಮೀಟರ್, ಎಷ್ಟು ಸಮಯ, ಯಾಕೆ ಬಿಟ್ಟರು. ಬಿಟ್ಟವರ ಕಾರಣ ಬರೆಯುವುದು ಮುಖ್ಯ. ‘ತೊಗರಿ ರಾಶಿ’, ‘ಅಕ್ಕನ ಮದುವೆ’, ‘ಟ್ಯೂಷನ್’, ‘ಬಸ್ ಸಮಯ ಬದಲಾಯಿತು’. ಗೆದ್ದವರ ಹೆಸರು ಹೇಗೂ ಫಲಕದ ಮೇಲೆ ಉಳಿಯುತ್ತದೆ, ಉಳಿದವರ ಇತಿಹಾಸ ಇರುವುದು ಇದರಲ್ಲಿ ಮಾತ್ರ.

ಒಂದು ಪುಟದಲ್ಲಿ ಆ ಒಂಬತ್ತನೇ ಕ್ಲಾಸಿನ ಹುಡುಗಿಯ ಅಜ್ಜ ಬಂದ ದಿನದ ಟಿಪ್ಪಣಿ ಇದೆ. ಭೀಮೆಯಲ್ಲಿ ಹರಿಗೋಲು ಹಾಕಿದವರು. ಧೋತರದ ಅಂಚು ಸಿಕ್ಕಿಸಿಕೊಂಡು ಬಾಗಿಲಲ್ಲಿ ನಿಂತು ಮೊಮ್ಮಗಳು ಜಗ್ಗುವುದನ್ನು ಪೂರ್ತಿ ನೋಡಿದರು. ಅವಳು ಬೆವರು ಒರೆಸಿಕೊಂಡು ಎದ್ದ ಮೇಲೆ ಕೇಳಿದರು: ‘ಇಷ್ಟೊತ್ತು ಹುಟ್ಟು ಹಾಕಿದಿ, ಆಚಿ ದಂಡಿ ಬರಲೇ ಇಲ್ಲಲ್ಲ?’ ಎಲ್ಲರೂ ನಕ್ಕೆವು. ಆಮೇಲೆ ಅವರೇ ಕೂತರು. ಕಾಲು ಒದೆಯಲಿಲ್ಲ, ಸೊಂಟದಿಂದ ಹಿಂದಕ್ಕೆ ಬಾಗಿ ಒಂದೇ ಹದದಲ್ಲಿ ಜಗ್ಗಿದರು. ಹತ್ತು ನಿಮಿಷ ಜಗ್ಗಿದರೂ ಫ್ಯಾನಿನ ಶಬ್ದ ಒಂದಿಷ್ಟೂ ಏರಲಿಲ್ಲ, ಇಳಿಯಲೂ ಇಲ್ಲ. ಅಂಥ ಲಯ ನನ್ನ ಯಾವ ಹುಡುಗನಿಗೂ ಇನ್ನೂ ಬಂದಿಲ್ಲ. ಅವರ ಮೀಟರನ್ನೂ ದಫ್ತರದಲ್ಲಿ ಬರೆದಿದ್ದೇನೆ.

ನಿನ್ನೆ ಬರೆದದ್ದು ಹೀಗಿದೆ: ‘ಕರೆಂಟ್ ಇಲ್ಲ. ಯಂತ್ರಕ್ಕೆ ಬೇಕಾಗಿಯೂ ಇಲ್ಲ. ಮೂವರು ಬಂದರು, ಇಬ್ಬರು ಹುಡುಗಿಯರು. ಚೈನಿಗೆ ಎಣ್ಣೆ ಹಾಕಿದೆ.’